ಸೈಕಲ್ ವೈರ್ ಫ್ರೇಮ್ ಒಳಗಿದ್ದರೆ ಏನು ತೊಂದರೆ? ಕೊಳ್ಳುವವರು, ಅಂಗಡಿಯವರು ತಿಳಿದಿರಬೇಕಾದ ಮಾಹಿತಿ

ಸೈಕಲ್ ಅಂಗಡಿಗೆ ಹೋದರೆ ಈಗ ಎದುರಿಗೇ ನಿಲ್ಲಿಸಿರುವುದು ವೈರ್ ಕಾಣದ ಸೈಕಲ್. ಬ್ರೇಕ್ ವೈರ್, ಗೇರ್ ವೈರ್ ಎರಡೂ ಹ್ಯಾಂಡಲ್ ಹತ್ತಿರದ ಒಂದು ತೂತಿನಿಂದ ಫ್ರೇಮ್ ಒಳಗೆ ಹೋಗಿ, ಹಿಂದಿನ ಚಕ್ರದ ಹತ್ತಿರ ಹೊರಗೆ ಬರುತ್ತವೆ. ಕಂಪನಿಯವರು ಇದಕ್ಕೆ ‘ಇಂಟರ್ನಲ್ ಕೇಬಲ್ ರೂಟಿಂಗ್’ ಅಂತಾರೆ. ಮೊದಲು ಹೆಚ್ಚಾಗಿ ದುಬಾರಿ ರೇಸ್ ಸೈಕಲ್‌ಗಳಲ್ಲಿ ಕಾಣುತ್ತಿದ್ದ ಈ ವ್ಯವಸ್ಥೆ ಈಗ ಹತ್ತು-ಹದಿನೈದು ಸಾವಿರದ ಗೇರ್ ಸೈಕಲ್‌ಗೂ, ಬ್ಯಾಟರಿ ಸೈಕಲ್‌ಗೂ ಬಂದಿದೆ.

ನೋಡೋಕೆ ಚೆಂದ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳಗೆ ಹೋದ ವೈರ್ ಸವೆದಿದೆಯೋ, ತುಕ್ಕು ಹಿಡಿದಿದೆಯೋ, ಮಡಚಿಕೊಂಡಿದೆಯೋ ಹೊರಗಿನಿಂದ ಗೊತ್ತಾಗಲ್ಲ. ಹಳ್ಳಿಯಿಂದ ತಾಲ್ಲೂಕು ಕೇಂದ್ರದ ಹೈಸ್ಕೂಲು, ಕಾಲೇಜಿಗೆ ದಿನಾ ಸೈಕಲ್ ತುಳಿಯುವ ಮಕ್ಕಳಿಗೆ ಇಳಿಜಾರಿನಲ್ಲಿ ಬ್ರೇಕ್ ಸಿಗದಿದ್ದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಕೊಳ್ಳೋ ಮೊದಲು ಏನು ಕೇಳಬೇಕು, ಕೊಂಡ ಮೇಲೆ ಏನು ನೋಡ್ಕೋಬೇಕು, ರಿಪೇರಿ ಮಾಡುವವರು ಎಲ್ಲಿ ಎಚ್ಚರ ಇರಬೇಕು ಎಂಬುದರ ವಿವರ ಇಲ್ಲಿದೆ.

ಮೊದಲು ಹೇಗಿತ್ತು?

ಹಳೇ ಕಪ್ಪು ಸೈಕಲ್‌ಗಳಲ್ಲಿ ವೈರೇ ಇರಲಿಲ್ಲ, ಕಬ್ಬಿಣದ ಕಂಬಿಯ ಬ್ರೇಕ್ ಇತ್ತು. ಕಂಬಿ ಬಾಗಿದರೆ, ಪಿನ್ ಬಿದ್ದರೆ ಸವಾರನಿಗೇ ಕಾಣುತ್ತಿತ್ತು. ಆಮೇಲೆ ವೈರ್ ಬ್ರೇಕ್ ಬಂದಾಗಲೂ ವೈರು ಫ್ರೇಮ್ ಪೈಪಿನ ಹೊರಗೇ ಕ್ಲಿಪ್ ಹಾಕಿ ಕೂತಿರುತ್ತಿತ್ತು. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿದಾಗ ಹಳ್ಳಿ ಹಳ್ಳಿಗೂ ಸೈಕಲ್ ಬಂತು. ಅವುಗಳ ಬ್ರೇಕ್ ಕೂಡ ಹೊರಗೇ ಇದ್ದಿದ್ದರಿಂದ ಊರಿನ ಪಂಚರ್ ಅಂಗಡಿಯಲ್ಲೇ ರಿಪೇರಿ ಮುಗಿಯುತ್ತಿತ್ತು. ಒಂದು ಪಾನಾ, ಒಂದು ಪಕ್ಕಡ್, ಒಂದು ಹೊಸ ವೈರ್ ಇದ್ದರೆ ಸಾಕಾಗಿತ್ತು.

ಒಳಗೆ ವೈರ್ ಹಾಕುವ ಮೂರು ವಿಧ

ಬ್ರೇಕ್ ವೈರ್ ಅಂದರೆ ಎರಡು ಭಾಗ. ಎಳೆಯುವ ಉಕ್ಕಿನ ತಂತಿ ‘ಇನ್ನರ್’, ಅದರ ಮೇಲಿನ ಕವಚ ‘ಔಟರ್’. ಇವು ಫ್ರೇಮ್ ಒಳಗೆ ಹೇಗೆ ಹೋಗಿವೆ ಅನ್ನೋದರ ಮೇಲೆ ರಿಪೇರಿ ಸುಲಭವೋ ಕಷ್ಟವೋ ನಿರ್ಧಾರ ಆಗುತ್ತೆ.

1. ಪೂರ್ತಿ ಔಟರ್ ಒಳಗೆ: ಲಿವರ್‌ನಿಂದ ಹಿಂದಿನ ಬ್ರೇಕ್‌ವರೆಗೆ ಔಟರ್ ಎಲ್ಲೂ ತುಂಡಾಗದೆ ಫ್ರೇಮ್ ಒಳಗೆ ಹೋಗಿರುತ್ತೆ. ಇದು ಇದ್ದುದರಲ್ಲಿ ವಾಸಿ. ಇನ್ನರ್ ಹರಿದರೆ ಹಳೇದು ಎಳೆದು, ಅದೇ ಔಟರ್‌ನಲ್ಲಿ ಹೊಸದು ತೂರಿಸಿದರೆ ಮುಗೀತು.

2. ಬರೀ ಇನ್ನರ್ ಒಳಗೆ: ಔಟರ್ ಫ್ರೇಮ್‌ನ ತೂತಿನ ಹತ್ತಿರವೇ ನಿಂತು, ಒಳಗೆ ಬರೀ ತಂತಿ ಹೋಗಿರುತ್ತೆ. ಇಲ್ಲಿ ಹಳೇ ತಂತಿಯನ್ನು ಸುಮ್ಮನೆ ಎಳೆದುಬಿಟ್ಟರೆ ದಾರಿ ತಪ್ಪಿತು ಅಂತಲೇ ಲೆಕ್ಕ. ಹೊಸ ತಂತಿ ಆ ಕಡೆಯ ಸಣ್ಣ ತೂತಿನಲ್ಲಿ ಹೊರಗೆ ಬರೋಕೆ ಗಂಟೆಗಟ್ಟಲೆ ಸತಾಯಿಸಬಹುದು. ಕೆಲವು ಫ್ರೇಮ್‌ಗಳಲ್ಲಿ ಕಂಪನಿಯವರೇ ಒಳಗೆ ಸಣ್ಣ ಪೈಪ್ ಕೂರಿಸಿರುತ್ತಾರೆ, ಅಂಥದ್ದಾದರೆ ತೊಂದರೆ ಇಲ್ಲ.

3. ಹ್ಯಾಂಡಲ್ ಬೇರಿಂಗ್ ಮೂಲಕ: ವೈರ್ ಅಥವಾ ಆಯಿಲ್ ಬ್ರೇಕ್‌ನ ಪೈಪು ಹ್ಯಾಂಡಲ್ ಕೆಳಗಿಂದ ಬೇರಿಂಗ್ ಮಧ್ಯೆ ತೂರಿ ಫ್ರೇಮ್ ಒಳಗೆ ಇಳಿಯುತ್ತೆ. ಹೊರಗೆ ಒಂದು ವೈರೂ ಕಾಣಲ್ಲ. ರಿಪೇರಿಯಲ್ಲಿ ಅತಿ ಹೆಚ್ಚು ಕಷ್ಟ ಕೊಡೋದು ಇದೇ.

ಇನ್ನೊಂದು ವಿಷಯ ಗೊತ್ತಿರಲಿ. ಮೊದಲ ಎರಡು ವಿಧದ ಸಾಮಾನ್ಯ ಗೇರ್ ಸೈಕಲ್‌ಗಳಲ್ಲಿ ಮುಂದಿನ ಬ್ರೇಕ್ ವೈರ್ ಫ್ರೇಮ್ ಒಳಗೆ ಹೋಗಲ್ಲ, ನೇರ ಮುಂದಿನ ಚಕ್ರಕ್ಕೆ ಇಳಿಯುತ್ತೆ. ಹಾಗಾಗಿ ಅಲ್ಲಿ ತೊಂದರೆ ಬರೋದು ಹಿಂದಿನ ಬ್ರೇಕ್ ಮತ್ತು ಗೇರ್‌ಗೆ. ಮೂರನೇ ವಿಧದಲ್ಲಿ ಮಾತ್ರ ಎರಡೂ ಬ್ರೇಕ್ ಒಳಗೇ ಸಿಕ್ಕಿಕೊಂಡಿರುತ್ತವೆ.

ಇದನ್ನು ಯಾಕೆ ಮಾಡಿದರು?

ಒಳಗಿನ ವೈರಿಂಗ್‌ಗೆ ಕಾರಣ ಇಲ್ಲದೇ ಇಲ್ಲ. ರೇಸ್‌ನಲ್ಲಿ ಗಂಟೆಗೆ 40 ಕಿ.ಮೀ ಮೇಲೆ ಹೋಗುವಾಗ ಗಾಳಿಯೇ ದೊಡ್ಡ ಶತ್ರು, ಹೊರಗೆ ನೇತಾಡುವ ವೈರ್ ಗಾಳಿಗೆ ಅಡ್ಡ ಬರುತ್ತೆ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯ ರೇಸ್ ಹುಡುಗರಿಗೆ ಈ ಲೆಕ್ಕ ಬೇಕು. ಕಾಡುದಾರಿಯಲ್ಲಿ ಓಡಿಸುವವರಿಗೆ ಗಿಡಗಂಟಿಗೆ ವೈರ್ ಸಿಕ್ಕಿಕೊಳ್ಳಲ್ಲ ಅನ್ನೋ ಅನುಕೂಲ ಇದೆ. ಫ್ರೇಮ್‌ಗೆ ಬ್ಯಾಗ್ ಕಟ್ಟೋದೂ ಸುಲಭ. ಸಂತೆಗೆ, ಶಾಲೆಗೆ, ಹೊಲಕ್ಕೆ 15 ಕಿ.ಮೀ ವೇಗದಲ್ಲಿ ಹೋಗುವವರಿಗೆ ಗಾಳಿಯಿಂದ ಆಗುವ ಲಾಭ ಲೆಕ್ಕಕ್ಕೆ ಬರಲ್ಲ. ಅವರಿಗೆ ಉಳಿಯೋದು ಅಂದ ಮತ್ತು ರಿಪೇರಿ ಖರ್ಚು.

ಅಪಾಯ ಎಲ್ಲೆಲ್ಲಿ?

ಫ್ರೇಮ್ ತೂತಿನ ಅಂಚು: ವೈರ್ ಒಳಗೆ ಹೋಗುವ ತೂತಿಗೆ ಒಂದು ರಬ್ಬರ್ ಬುಷ್ ಅಥವಾ ಪ್ಲಾಸ್ಟಿಕ್ ಮುಚ್ಚಳ ಇರುತ್ತೆ. ಅದು ಬಿದ್ದುಹೋದರೆ ಹ್ಯಾಂಡಲ್ ತಿರುಗಿಸಿದಾಗೆಲ್ಲ ಔಟರ್ ಲೋಹದ ಅಂಚಿಗೆ ತಿಕ್ಕುತ್ತೆ. ಮೊದಲು ಪ್ಲಾಸ್ಟಿಕ್ ಕವಚ ಸವೆಯುತ್ತೆ, ಆಮೇಲೆ ಒಳಗಿನ ಉಕ್ಕು ಕಾಣುತ್ತೆ, ಅಲ್ಲಿಂದ ನೀರು ಹೋಗಿ ತುಕ್ಕು ಹಿಡಿಯುತ್ತೆ. ಬ್ರೇಕ್ ವೈರ್ ಸಾಮಾನ್ಯವಾಗಿ ಹರಿಯೋದು ಲಿವರ್ ಒಳಗಿನ ಗುಂಡಿನ ಹತ್ತಿರ ಅಥವಾ ಬ್ರೇಕ್‌ನ ಬೋಲ್ಟ್ ಹತ್ತಿರ. ಒಳಗಿನ ವೈರಿಂಗ್ ಆದರೆ ಈ ತೂತಿನ ಜಾಗವೂ ಸೇರಿಕೊಳ್ಳುತ್ತೆ.

ತಿರುವು ಜಾಸ್ತಿ, ಬ್ರೇಕ್ ಗಟ್ಟಿ: ವೈರ್ ಎಷ್ಟು ಕಡೆ ಬಾಗುತ್ತೋ ಅಷ್ಟು ತಿಕ್ಕಾಟ. ಫ್ರೇಮ್ ಒಳಗೆ ಹೋಗೋಕೆ ಒಂದು ತಿರುವು, ಹೊರಗೆ ಬರೋಕೆ ಇನ್ನೊಂದು. ಲಿವರ್ ಗಟ್ಟಿಯಾಗುತ್ತೆ, ಸಣ್ಣ ಮಕ್ಕಳ ಕೈಗೆ ಎಳೆಯೋಕೆ ಆಗಲ್ಲ. ಬಿಟ್ಟ ಮೇಲೂ ವೈರ್ ಪೂರ್ತಿ ಹಿಂದೆ ಹೋಗದೆ ಬ್ರೇಕ್ ರಬ್ಬರ್ ರಿಮ್‌ಗೆ ಅಂಟಿಕೊಂಡೇ ಇರುತ್ತೆ. ಸೈಕಲ್ ಭಾರ ಅನಿಸುತ್ತೆ, ರಬ್ಬರ್ ಬೇಗ ಸವೆಯುತ್ತೆ. ಗೇರ್ ಆದರೆ ಒತ್ತಿದ್ದು ಒಂದು, ಬೀಳೋದು ಇನ್ನೊಂದು.

ಔಟರ್ ಗಿಡ್ಡ ಆದರೆ: ಔಟರ್ ಅಳತೆ ಕಡಿಮೆ ಇಟ್ಟರೆ ಹ್ಯಾಂಡಲ್ ತಿರುಗಿಸಿದಾಗ ವೈರ್ ತಾನೇ ಎಳೆಯುತ್ತೆ. ತಿರುವಿನಲ್ಲಿ ಬ್ರೇಕ್ ತಾನಾಗಿ ಹಿಡಿಯಬಹುದು, ಗೇರ್ ತಾನಾಗಿ ಬದಲಾಗಬಹುದು. ಉದ್ದ ಜಾಸ್ತಿ ಆದರೆ ಒಳಗೆ ಮಡಚಿಕೊಂಡು ಫೋರ್ಕಿನ ಪೈಪಿಗೆ ತಿಕ್ಕುತ್ತೆ.

ನೀರು: ಮಳೆಗಾಲದಲ್ಲಿ, ಪಂಪ್ ಹಿಡಿದು ತೊಳೆಯುವಾಗ ವೈರ್ ತೂತಿನಿಂದ ನೀರು ಫ್ರೇಮ್ ಒಳಗೆ ಇಳಿಯುತ್ತೆ. ಅದು ಹೋಗಿ ನಿಲ್ಲೋದು ಪೆಡಲ್ ಆಕ್ಸಲ್ ಇರುವ ತಳದಲ್ಲಿ. ಕಬ್ಬಿಣದ ಫ್ರೇಮ್ ಆದರೆ ಒಳಗಿನಿಂದಲೇ ತುಕ್ಕು. ಅನೇಕ ಫ್ರೇಮ್‌ಗಳಿಗೆ ತಳದಲ್ಲಿ ನೀರು ಹೋಗೋಕೆ ಸಣ್ಣ ತೂತು ಇರುತ್ತೆ, ಮಣ್ಣು ಕಟ್ಟಿ ಅದು ಮುಚ್ಚಿದ್ದರೆ ಕಡ್ಡಿ ಹಾಕಿ ಬಿಡಿಸಿ. ಮೂರನೇ ವಿಧದ ಸೈಕಲ್‌ನಲ್ಲಿ ನೀರು ನೇರ ಹ್ಯಾಂಡಲ್ ಬೇರಿಂಗ್‌ಗೇ ಇಳಿಯುತ್ತೆ.

ಬೇರಿಂಗ್ ಬದಲಿಸೋದು: ಸಾದಾ ಸೈಕಲ್‌ನಲ್ಲಿ ಹ್ಯಾಂಡಲ್ ಬೇರಿಂಗ್ ಹೋದರೆ ಬಿಚ್ಚಿ, ಹೊಸದು ಹಾಕಿ, ಗ್ರೀಸ್ ಬಳಿದರೆ ಆಯ್ತು. ಬೇರಿಂಗ್ ಮಧ್ಯೆ ಆಯಿಲ್ ಬ್ರೇಕ್ ಪೈಪು ಹೋಗಿರುವ ಸೈಕಲ್‌ನಲ್ಲಿ ಮೇಲಿನ ಬೇರಿಂಗ್ ತೆಗೆಯೋಕೆ ಆ ಪೈಪನ್ನೇ ಬಿಚ್ಚಬೇಕು. ಬಿಚ್ಚಿದ ಮೇಲೆ ತುದಿಯ ಸಣ್ಣ ರಿಂಗ್ ಮತ್ತು ಕನೆಕ್ಟರ್ ಹೊಸದು ಹಾಕಿ, ಆಯಿಲ್ ತುಂಬಿ, ಗಾಳಿ ತೆಗೆಯಬೇಕು. ಗಾಳಿ ಉಳಿದರೆ ಲಿವರ್ ಮೆತ್ತಗಾಗಿ ಹ್ಯಾಂಡಲ್‌ಗೆ ತಾಗುತ್ತೆ, ಬ್ರೇಕ್ ಹಿಡಿಯಲ್ಲ. ಬೇರಿಂಗ್ ಬೆಲೆಗಿಂತ ಕೂಲಿಯೇ ಜಾಸ್ತಿ ಆಗೋದು ಇಲ್ಲೇ.

ಕಾಣದ ಸವೆತ: ಇದೇ ವಿಧದ ಸೈಕಲ್‌ನಲ್ಲಿ ವೈರ್ ವರ್ಷಗಟ್ಟಲೆ ಫೋರ್ಕಿನ ಪೈಪಿಗೆ ತಿಕ್ಕಿ ಗೆರೆ ಬೀಳಿಸಬಹುದು. ಆ ಪೈಪೇ ಹ್ಯಾಂಡಲ್ ಮತ್ತು ಮುಂದಿನ ಚಕ್ರವನ್ನು ಜೋಡಿಸೋದು, ಮುರಿದರೆ ಸವಾರ ಮುಖ ಅಡಿಯಾಗಿ ಬೀಳುತ್ತಾನೆ. 2021ರಲ್ಲಿ ಅಮೆರಿಕದ ಸ್ಪೆಷಲೈಸ್ಡ್ ಕಂಪನಿ ತನ್ನ ಟಾರ್ಮ್ಯಾಕ್ ಎಸ್‌ಎಲ್7 ರೇಸ್ ಸೈಕಲ್‌ಗಳನ್ನು ಸರಿಪಡಿಸೋಕೆ ವಾಪಸ್ ಕರೆದಿತ್ತು. ಬೇರಿಂಗ್ ಮೇಲಿನ ರಿಂಗ್‌ನಿಂದ ಫೋರ್ಕಿನ ಕಾರ್ಬನ್ ಪೈಪಿಗೆ ಹಾನಿಯಾಗಿ ಬಿರುಕು ಬಿಡಬಹುದು ಅನ್ನೋದು ಕಾರಣ. ಅಲ್ಲಿ ತಪ್ಪು ವೈರ್‌ನದ್ದಲ್ಲ, ರಿಂಗ್‌ನದ್ದು. ಆದರೆ ವೈರ್ ಎಲ್ಲಾ ತುಂಬಿರುವ ಆ ಜಾಗವನ್ನು ಬಿಚ್ಚದೆ ನೋಡೋಕೆ ಆಗಲ್ಲ, ಬಿಚ್ಚೋದು ಕಷ್ಟ ಅಂತ ಯಾರೂ ಬಿಚ್ಚಲ್ಲ.

ಎಡ-ಬಲ ಬ್ರೇಕ್: ನಮ್ಮಲ್ಲಿ ಬಲಗೈ ಮುಂದಿನ ಬ್ರೇಕ್, ಎಡಗೈ ಹಿಂದಿನದು. ಬೈಕ್‌ನಲ್ಲೂ ಬಲಗೈ ಮುಂದಿನದೇ. ಹೊರದೇಶದಿಂದ ಬಂದ ಕೆಲವು ಸೈಕಲ್‌ಗಳಲ್ಲಿ ಇದು ಉಲ್ಟಾ ಇರುತ್ತೆ. ವೈರ್ ಹೊರಗಿದ್ದರೆ ಬದಲಿಸೋದು ಸಣ್ಣ ಕೆಲಸ, ಒಳಗಿದ್ದರೆ ಎಲ್ಲಾ ಬಿಚ್ಚಬೇಕು. ಬದಲಿಸದೆ ಹಾಗೇ ಬಿಟ್ಟರೆ ಗಾಬರಿಯಲ್ಲಿ ಹಿಂದಿನದು ಅಂದುಕೊಂಡು ಮುಂದಿನ ಬ್ರೇಕ್ ಒತ್ತಿ ಪಲ್ಟಿ ಹೊಡೆಯುವ ಅಪಾಯ ಇದೆ.

ಬ್ಯಾಟರಿ ಸೈಕಲ್: ಇದರಲ್ಲಿ ಬ್ರೇಕ್ ವೈರ್ ಜೊತೆಗೆ ಕರೆಂಟ್ ವೈರೂ ಅದೇ ಪೈಪಿನಲ್ಲಿ ಇರುತ್ತೆ. ಬ್ರೇಕ್ ಒತ್ತಿದ ಕೂಡಲೇ ಮೋಟರ್ ನಿಲ್ಲಿಸುವ ಸ್ವಿಚ್‌ನ ವೈರೂ ಅಲ್ಲೇ. ತಿಕ್ಕಿ ಕವರ್ ಕಿತ್ತರೆ ಶಾರ್ಟ್ ಆಗಬಹುದು, ಮೋಟರ್ ನಿಲ್ಲದೇ ಇರಬಹುದು. ಬ್ರೇಕ್ ವೈರ್ ಬದಲಿಸುವಾಗ ಜೋರಾಗಿ ಎಳೆದು ಪಕ್ಕದ ಕರೆಂಟ್ ವೈರ್ ಕಿತ್ತು ಬರದ ಹಾಗೆ ನೋಡ್ಕೊಳ್ಳಿ. ಕೆಲಸಕ್ಕೆ ಮೊದಲು ಬ್ಯಾಟರಿ ತೆಗೆದಿಡಿ.

ಡಬ್ಬದಲ್ಲಿ ಬರುವ ಸೈಕಲ್ ಬಗ್ಗೆ ಎಚ್ಚರ

ಆನ್‌ಲೈನ್‌ನಲ್ಲಿ ತರಿಸಿದ ಸೈಕಲ್ ಅರ್ಧಂಬರ್ಧ ಜೋಡಿಸಿ ಬಂದಿರುತ್ತೆ. ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್ ಮನೆಯಲ್ಲಿ ಕೂರಿಸಿಕೊಳ್ಳಬೇಕು. ಹ್ಯಾಂಡಲ್ ಒಂದು ಸುತ್ತು ಜಾಸ್ತಿ ತಿರುಗಿಸಿ ಕೂರಿಸಿದರೆ ವೈರ್ ಫ್ರೇಮ್ ಮೂತಿಗೆ ಸುತ್ತಿಕೊಳ್ಳುತ್ತೆ. ಫೋರ್ಕ್ ಹಿಂದೆ ಮುಂದೆ ಆಗಿರುವುದೂ ಉಂಟು. ಸೈಕಲ್ ಓಡುತ್ತೆ, ಆದರೆ ತಿರುವಿನಲ್ಲಿ ವೈರ್ ಎಳೆಯುತ್ತೆ. ಹತ್ತಿರದ ಅಂಗಡಿಯಲ್ಲಿ ಫಿಟ್ಟಿಂಗ್‌ಗೆ ದುಡ್ಡು ಕೊಟ್ಟರೂ ನಷ್ಟ ಇಲ್ಲ.

ಬಸ್ ಮೇಲೆ, ಲಗೇಜ್ ಆಟೋದಲ್ಲಿ ಸಾಗಿಸುವಾಗ ಜಾಗ ಉಳಿಸೋಕೆ ಹ್ಯಾಂಡಲ್ ಪೂರ್ತಿ ತಿರುಗಿಸಿ ಕಟ್ಟುವ ಅಭ್ಯಾಸ ಇದೆ. ಬೇರಿಂಗ್ ಮೂಲಕ ವೈರ್ ಹೋದ ಸೈಕಲ್‌ಗೆ ಹೀಗೆ ಮಾಡಬೇಡಿ. ಒಳಗೆ ಔಟರ್ ಮುರಿದು ಮಡಚಿಕೊಂಡರೆ ಹೊರಗಿನಿಂದ ಗೊತ್ತೇ ಆಗಲ್ಲ.

ಕೊಳ್ಳುವ ಮೊದಲು ಕೇಳಬೇಕಾದ್ದು

* ಒಳಗೆ ಪೂರ್ತಿ ಔಟರ್ ಹೋಗಿದೆಯೋ, ಬರೀ ಇನ್ನರ್ ಹೋಗಿದೆಯೋ?
* ವೈರ್ ಹೋಗೋದು ಫ್ರೇಮ್ ತೂತಿನಿಂದಲೋ, ಹ್ಯಾಂಡಲ್ ಬೇರಿಂಗ್ ಮೂಲಕವೋ?
* ವೈರ್ ಬದಲಿಸೋಕೆ ಕೂಲಿ ಎಷ್ಟು? ಇದೇ ಅಂಗಡಿಯಲ್ಲಿ ಮಾಡ್ತೀರಾ, ಬೇರೆ ಊರಿಗೆ ಕಳಿಸ್ತೀರಾ?
* ತೂತಿನ ರಬ್ಬರ್ ಬುಷ್ ಬಿದ್ದರೆ ಬೇರೆ ಸಿಗುತ್ತಾ?
* ಮೊದಲ ಸರ್ವಿಸ್ ಫ್ರೀ ಇದೆಯಾ? ಹೊಸ ವೈರ್ ಮೊದಲ ಕೆಲವು ವಾರದಲ್ಲಿ ಕೂತುಕೊಂಡು ಸಡಿಲ ಆಗುತ್ತೆ, ಆಗ ಟೈಟ್ ಮಾಡಿಸಲೇಬೇಕು.

ಬಿಲ್ ತಪ್ಪದೆ ಇಸ್ಕೊಳ್ಳಿ. ಹೊಸ ಸೈಕಲ್‌ನಲ್ಲಿ ದೋಷ ಇದ್ದು ಅಂಗಡಿ, ಕಂಪನಿ ಎರಡೂ ಕೈ ಎತ್ತಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಎರಡೂ ಕಡೆ ಬಿಲ್ ಇದ್ದರೆ ಕೆಲಸ ಸುಲಭ.

ವಾರಕ್ಕೊಮ್ಮೆ ಎರಡು ನಿಮಿಷದ ಪರೀಕ್ಷೆ

1. ನಿಂತಲ್ಲೇ ಎರಡೂ ಬ್ರೇಕ್ ಒಂದೊಂದಾಗಿ ಗಟ್ಟಿ ಒತ್ತಿ, ಸೈಕಲ್ ಮುಂದೆ ತಳ್ಳಿ. ಚಕ್ರ ತಿರುಗಬಾರದು. ಲಿವರ್ ಹ್ಯಾಂಡಲ್‌ಗೆ ತಾಗಬಾರದು.
2. ಲಿವರ್ ಬಿಟ್ಟ ಕೂಡಲೇ ಟಕ್ ಅಂತ ಹಿಂದೆ ಹೋಗಬೇಕು. ನಿಧಾನಕ್ಕೆ ಹೋದರೆ ಒಳಗೆ ತುಕ್ಕು ಅಥವಾ ಮಡಿಕೆ ಇದೆ ಅಂತ ಅರ್ಥ.
3. ಹಿಂದಿನ ಚಕ್ರ ಎತ್ತಿ ತಿರುಗಿಸಿ, ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಚಕ್ರ ನಿಂತರೆ ಅಥವಾ ಗೇರ್ ಕಟಕಟ ಅಂದರೆ ಔಟರ್ ಗಿಡ್ಡ ಇದೆ. ಮುಂದಿನ ಚಕ್ರಕ್ಕೂ ಹೀಗೇ ಮಾಡಿ.
4. ಫ್ರೇಮ್ ತೂತಿನ ರಬ್ಬರ್ ಇದೆಯಾ, ಔಟರ್ ಮೇಲೆ ಗೀರು ಬಿದ್ದಿದೆಯಾ ನೋಡಿ.
5. ಲಿವರ್ ಹತ್ತಿರ ತಂತಿಯ ಒಂದು ಎಳೆ ಬಿಟ್ಟಿದ್ದರೂ ಆ ವೈರ್ ಬದಲಿಸಿ. ಒಂದು ಎಳೆ ಬಿಟ್ಟ ಮೇಲೆ ಉಳಿದವೂ ಬೇಗ ಬಿಡುತ್ತವೆ.

ಗುಂಡಿ ರಸ್ತೆಯಲ್ಲಿ ಫ್ರೇಮ್ ಒಳಗೆ ಲಟಲಟ ಸದ್ದು ಬಂದರೆ ಅದು ಔಟರ್ ಪೈಪಿಗೆ ಬಡಿಯುವ ಸದ್ದು. ಅದರಿಂದ ಕೂಡಲೇ ಅಪಾಯ ಇಲ್ಲ. ಔಟರ್ ಮೇಲೆ ಹಾಕುವ ಫೋಮ್ ಕವರ್ ಸಿಗುತ್ತೆ, ಮುಂದಿನ ಬಾರಿ ವೈರ್ ಬದಲಿಸುವಾಗ ಹಾಕಿಸಿಕೊಳ್ಳಬಹುದು.

ರಿಪೇರಿ ಅಂಗಡಿಯವರಿಗೆ

ಮೊದಲ ನಿಯಮ: ಹೊಸ ವೈರ್ ಹೋಗುವ ದಾರಿ ಮಾಡಿಕೊಳ್ಳದೆ ಹಳೇದನ್ನು ಹೊರಗೆ ಎಳೆಯಬೇಡಿ.

ಔಟರ್ ಬದಲಿಸಬೇಕಾದರೆ ಹಳೇ ಔಟರ್‌ನಲ್ಲಿ ಒಂದು ಉದ್ದನೆ ಇನ್ನರ್ ಇರಲಿ. ಔಟರ್ ಮಾತ್ರ ಎಳೆದು ತೆಗೆಯಿರಿ, ತಂತಿ ಫ್ರೇಮ್‌ನಲ್ಲೇ ಉಳಿಯಲಿ. ಅದೇ ತಂತಿಯ ಮೇಲೆ ಹೊಸ ಔಟರ್ ತೂರಿಸಿದರೆ ನೇರವಾಗಿ ಆ ಕಡೆ ಬರುತ್ತೆ.

ಬರೀ ಇನ್ನರ್ ಇರುವ ಫ್ರೇಮ್ ಆದರೆ, ಹಳೇ ತಂತಿಯ ತುದಿಯ ಕ್ಯಾಪ್ ಕತ್ತರಿಸಿ, ಅದರ ಮೇಲೆ ತೆಳು ಪ್ಲಾಸ್ಟಿಕ್ ನಳಿಕೆಯನ್ನು ಒಂದು ತೂತಿನಿಂದ ಇನ್ನೊಂದು ತೂತಿನವರೆಗೆ ತೂರಿಸಿ. ಆಮೇಲೆ ತಂತಿ ಎಳೆದು, ನಳಿಕೆಯಲ್ಲಿ ಹೊಸ ತಂತಿ ಹಾಕಿ, ಕೊನೆಗೆ ನಳಿಕೆ ತೆಗೆಯಿರಿ.

ದಾರಿ ತಪ್ಪಿಹೋಗಿದ್ದರೆ ಒಂದು ತೂತಿನಲ್ಲಿ ಹೊಲಿಗೆ ದಾರ ಬಿಟ್ಟು, ಇನ್ನೊಂದು ತೂತಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ ದಾರ ಎಳೆದುಕೊಂಡು ಬರುತ್ತೆ. ಉಳಿದ ತೂತುಗಳನ್ನು ಟೇಪ್ ಹಾಕಿ ಮುಚ್ಚಿರಬೇಕು. ಮ್ಯಾಗ್ನೆಟ್ ಕಿಟ್ ಅಲ್ಯೂಮಿನಿಯಂ, ಕಾರ್ಬನ್ ಫ್ರೇಮ್‌ಗೆ ಸರಿ. ಕಬ್ಬಿಣದ ಫ್ರೇಮ್ ಆದರೆ ಮ್ಯಾಗ್ನೆಟ್ ಫ್ರೇಮ್‌ಗೇ ಅಂಟಿಕೊಳ್ಳುತ್ತೆ.

ಮಾಡಬಾರದ ನಾಲ್ಕು ಕೆಲಸ:

* ಬ್ರೇಕ್‌ಗೆ ಗೇರ್ ಔಟರ್ ಹಾಕಬೇಡಿ. ಬ್ರೇಕ್ ಔಟರ್ ಸಾಮಾನ್ಯವಾಗಿ 5 ಮಿ.ಮೀ, ಒಳಗೆ ಸುರುಳಿ ಉಕ್ಕು. ಗೇರ್ ಔಟರ್ 4 ಮಿ.ಮೀ, ಒಳಗೆ ಉದ್ದುದ್ದ ತಂತಿಗಳು. ಜೋರಾಗಿ ಬ್ರೇಕ್ ಒತ್ತಿದಾಗ ಗೇರ್ ಔಟರ್ ಸಿಡಿದು ಬ್ರೇಕ್ ಹೋಗುತ್ತೆ. ಗೇರ್ ಇನ್ನರ್ ಕೂಡ ತೆಳು, ಸುಮಾರು 1.2 ಮಿ.ಮೀ. ಬ್ರೇಕ್ ಇನ್ನರ್ 1.5-1.6 ಮಿ.ಮೀ ಇರುತ್ತೆ.
* ತೂತು ದೊಡ್ಡದು ಮಾಡೋಕೆ, ಹೊಸ ತೂತು ಕೊರೆಯೋಕೆ ಡ್ರಿಲ್ ಹಿಡಿಯಬೇಡಿ. ಕೊರೆದ ಜಾಗದಿಂದಲೇ ಫ್ರೇಮ್ ಬಿರುಕು ಬಿಡುತ್ತೆ. ಸಾದಾ ಸೈಕಲ್‌ಗೆ ‘ಒಳಗೆ ವೈರ್ ಹಾಕಿಕೊಡಿ’ ಅಂತ ಹುಡುಗರು ಬಂದರೆ ಆಗಲ್ಲ ಅಂತ ಹೇಳಿ ಕಳಿಸಿ.
* ಆಯಿಲ್ ಬ್ರೇಕ್‌ಗೆ ಕೈಗೆ ಸಿಕ್ಕ ಆಯಿಲ್ ಹಾಕಬೇಡಿ. ಮಿನರಲ್ ಆಯಿಲ್ ಬ್ರೇಕ್‌ಗೆ ಬೈಕಿನ ಡಾಟ್ ಆಯಿಲ್ ಹಾಕಿದರೆ ಒಳಗಿನ ಸೀಲ್ ಕೆಡುತ್ತೆ. ಯಾವುದು ಅಂತ ಲಿವರ್ ಮೇಲೆ ಬರೆದಿರುತ್ತೆ. ಡಿಸ್ಕ್ ಮೇಲೆ ಆಯಿಲ್ ಬೀಳದ ಹಾಗೆ ನೋಡ್ಕೊಳ್ಳಿ.
* ಮೊಂಡು ಪಕ್ಕಡ್‌ನಿಂದ ತಂತಿ ಕತ್ತರಿಸಬೇಡಿ. ಎಳೆ ಬಿಚ್ಚಿದ ತುದಿ ಒಳಗೆ ಹೋಗಲ್ಲ. ಔಟರ್ ಕತ್ತರಿಸಿದ ಮೇಲೆ ತುದಿ ಅರ ಹಾಕಿ ಸಮ ಮಾಡಿ, ಒಳಗಿನ ಪ್ಲಾಸ್ಟಿಕ್ ಬಾಯಿಯನ್ನು ದಬ್ಬಳದಿಂದ ಬಿಡಿಸಿ.

ಅಂಗಡಿಯಲ್ಲಿ ಎರಡೂ ಬಗೆಯ ಬ್ರೇಕ್ ಇನ್ನರ್ ಇಟ್ಟಿರಿ. ನೇರ ಹ್ಯಾಂಡಲ್‌ಗೆ ಡ್ರಮ್ ಆಕಾರದ ಗುಂಡು, ಬಾಗಿದ ಹ್ಯಾಂಡಲ್‌ನ ರೇಸ್ ಸೈಕಲ್‌ಗೆ ಪೇರ್ ಹಣ್ಣಿನ ಆಕಾರದ ಗುಂಡು. ಜೊತೆಗೆ ಔಟರ್ ಕ್ಯಾಪ್, ರಬ್ಬರ್ ಬುಷ್, ಪ್ಲಾಸ್ಟಿಕ್ ನಳಿಕೆ ಇದ್ದರೆ ಗಿರಾಕಿಯನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸುವ ಪ್ರಮೇಯ ಬರಲ್ಲ. ಕೂಲಿ ಎಷ್ಟಾಗುತ್ತೆ ಅಂತ ಬಿಚ್ಚುವ ಮೊದಲೇ ಹೇಳಿಬಿಡಿ. ‘ಒಂದು ವೈರ್‌ಗೆ ಇಷ್ಟಾ?’ ಅನ್ನೋ ಜಗಳ ಬರೋದು ಮೊದಲೇ ಹೇಳದಿದ್ದಾಗ.

ದಾರಿಯಲ್ಲಿ ವೈರ್ ಹರಿದರೆ

ಹಿಂದಿನ ಬ್ರೇಕ್ ಹೋದರೆ ಮುಂದಿನ ಬ್ರೇಕ್ ನಂಬಿ ಇಳಿಜಾರು ಇಳಿಯಬೇಡಿ, ಇಳಿದು ತಳ್ಳಿಕೊಂಡು ಹೋಗಿ. ಹತ್ತಿರದ ಪಂಚರ್ ಅಂಗಡಿಯವರಿಗೆ ಒಳಗೆ ತೂರಿಸೋಕೆ ಬರದಿದ್ದರೆ ಹೊರಗಿಂದಲೇ ಹಾಕಿಸಿಕೊಳ್ಳಿ. ಲಿವರ್‌ನಿಂದ ಹಿಂದಿನ ಬ್ರೇಕ್‌ವರೆಗೆ ಒಂದೇ ಉದ್ದನೆ ಬ್ರೇಕ್ ಔಟರ್ ಬಿಟ್ಟು, ಫ್ರೇಮ್ ಪೈಪಿಗೆ ಮೂರ್ನಾಲ್ಕು ಕಡೆ ಪ್ಲಾಸ್ಟಿಕ್ ಟ್ಯಾಗ್ ಬಿಗಿದರೆ ಆಯ್ತು. ಹೊರಗೆ ಹಾಕುವಾಗ ಔಟರ್ ತುಂಡು ತುಂಡು ಹಾಕಬಾರದು, ಯಾಕಂದ್ರೆ ಒಳಗಿನ ವೈರಿಂಗ್‌ನ ಫ್ರೇಮ್ ಮೇಲೆ ಔಟರ್ ನಿಲ್ಲೋಕೆ ಕೊಂಡಿಗಳೇ ಇರಲ್ಲ. ಪೆಡಲ್‌ಗೆ, ಕಾಲಿಗೆ, ಚಕ್ರಕ್ಕೆ ತಾಗದ ಹಾಗೆ ಕಟ್ಟಿಸಿ, ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿ. ಖಾಲಿ ಉಳಿದ ತೂತಿಗೆ ಟೇಪ್ ಅಂಟಿಸಿ, ನೀರು ಹೋಗಲ್ಲ.

ಹೀಗೆ ಹೊರಗೆ ಹಾಕಿದ ಬ್ರೇಕ್ ತಾತ್ಕಾಲಿಕವೇ ಆಗಬೇಕು ಅಂತೇನಿಲ್ಲ. ಸರಿಯಾಗಿ ಕಟ್ಟಿದ್ದರೆ ಹಾಗೇ ಬಿಟ್ಟರೂ ನಡೆಯುತ್ತೆ. ಶಾಲೆಗೆ ಹೋಗುವ ಮಗುವಿನ ಸೈಕಲ್ ಆದರೆ ಅಂದ ನೋಡದೆ ಇದನ್ನೇ ಮಾಡಿಸಬಹುದು, ಮುಂದಿನ ಸಲ ವೈರ್ ಸವೆದಾಗ ಮನೆಯವರ ಕಣ್ಣಿಗೇ ಕಾಣುತ್ತೆ.